ಬಿಸಿಲಿನಲ್ಲಿ ಶಾಲೆಯ ಗಂಟೆ: ಕರೆದವರ ಋಣ

ಧರ್ಮಾಧರ್ಮಗಳ ವಿಚಾರವೆಂದೊಡನೆ ನಮ್ಮ ಮನಸ್ಸು ಸಾಮಾನ್ಯವಾಗಿ ದೊಡ್ಡ ಮಾತುಗಳ ಕಡೆಗೆ ಹರಿಯುತ್ತದೆ. ಸತ್ಯ, ಅಹಿಂಸೆ, ತ್ಯಾಗ, ಮುಕ್ತಿ ಇವುಗಳನ್ನು ಕುರಿತು ನಾವು ಗಂಟೆಗಟ್ಟಲೆ ಚಿಂತಿಸಬಲ್ಲೆವು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಶಾಲೆಯ ಬಾಗಿಲು ಯಾವ ತಾರೀಖಿಗೆ ತೆರೆಯಬೇಕೆಂಬುದನ್ನು ಮಾತ್ರ ಯಾರೂ ಧರ್ಮದ ಪ್ರಶ್ನೆಯೆಂದು ಎಣಿಸುವುದಿಲ್ಲ. ಅದು ಕಚೇರಿಯ ಕೆಲಸ, ಸುತ್ತೋಲೆಯ ವಿಷಯ ಎಂದು ಬಿಟ್ಟುಬಿಡುತ್ತೇವೆ. ಆದರೆ ತಾರೀಖನ್ನು ಗೊತ್ತುಮಾಡುವವನು ಸುಖದುಃಖಗಳನ್ನು ಹಂಚುವವನೂ ಆಗಿರುತ್ತಾನೆ. ಅವನ ಒಂದು ಸಾಲಿನ ಬರಹದಿಂದ ಸಾವಿರಾರು ಎಳೆಯ ಪಾದಗಳು ಕಾದ ನೆಲವನ್ನು ತುಳಿಯಬೇಕಾಗುತ್ತದೆ, ಇಲ್ಲವೆ ಸಾವಿರಾರು ಮಕ್ಕಳು ಕಲಿಕೆಯ ಅನೇಕ ದಿನಗಳನ್ನು ಕಳೆದುಕೊಳ್ಳಬೇಕಾಗುತ್ತದೆ. ಪರರ ಸುಖದುಃಖಗಳನ್ನು ಹಂಚುವ ಕಾರ್ಯ ಎಲ್ಲಿದೆಯೋ ಅಲ್ಲಿ ಧರ್ಮದ ಪ್ರಶ್ನೆಯೂ ಇದ್ದೇ ಇರುತ್ತದೆ. ಆದುದರಿಂದ ಬೇಸಿಗೆ ಇನ್ನೂ ಉರಿಯುತ್ತಿರುವಾಗಲೇ ಮಕ್ಕಳನ್ನು ಶಾಲೆಗೆ ಕರೆಯುವ ವಿಷಯವನ್ನು ಈ ಸಂಚಿಕೆಯಲ್ಲಿ ನಿಮ್ಮೊಡನೆ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮೊದಲು ನಮ್ಮ ನೆಲದ ಸ್ಥಿತಿಯನ್ನು ನೆನೆದುಕೊಳ್ಳೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಈ ಎಡೆದೊರೆ ನಾಡು ಎರಡು ಮಹಾನದಿಗಳ ಮಡಿಲಲ್ಲಿದ್ದೂ ಬಿಸಿಲಿಗೆ ಹೆಸರಾದದ್ದು. ರಾಯಚೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯನು ಇಲ್ಲಿ ನೆತ್ತಿಗೆ ನೇರವಾಗಿ ನಿಲ್ಲುತ್ತಾನೆ. ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲಿಯೇ ಅಡಗುತ್ತದೆ. ತಿಂಗಳು ಮುಗಿಯುವ ಹೊತ್ತಿಗೂ ಅವನು ನೆತ್ತಿಯಿಂದ ಹೆಚ್ಚು ದೂರ ಸರಿದಿರುವುದಿಲ್ಲ. ಹಗಲೆಲ್ಲ ಕಾದ ಕಗ್ಗಲ್ಲಿನ ಗುಡ್ಡಗಳು ರಾತ್ರಿಯಲ್ಲಿ ಆ ಕಾವನ್ನು ಊರಿನ ಮೇಲೆ ಬಿಡುತ್ತವೆ. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ. 1928ರ ಮೇ ತಿಂಗಳಿನಲ್ಲಿಯೇ ರಾಯಚೂರಿನಲ್ಲಿ 45.6 ಡಿಗ್ರಿ ದಾಖಲಾಗಿತ್ತು. ಈ ಬಿಸಿಲು ನಿನ್ನೆ ಮೊನ್ನೆ ಬಂದದ್ದಲ್ಲ ಎಂಬುದಕ್ಕೆ ಇದೊಂದೇ ಸಾಕು.

ನಮ್ಮ ರೈತನ ಪಂಚಾಂಗವು ಈ ಕಾಲವನ್ನು ಮಳೆಯ ನಕ್ಷತ್ರಗಳಿಂದ ಎಣಿಸುತ್ತದೆ. ಮೇ 25ರ ಸುಮಾರಿಗೆ ಸೂರ್ಯನು ರೋಹಿಣಿಯನ್ನು ಪ್ರವೇಶಿಸುತ್ತಾನೆ. ಜೂನ್ 8ರ ಸುಮಾರಿಗೆ ಮೃಗಶಿರೆ, ನಮ್ಮ ಜನ ಪ್ರೀತಿಯಿಂದ ಕರೆಯುವ ಮಿರಗ, ಕಾಲಿಡುತ್ತದೆ. ಮಿರಗ ಕೂಡುವವರೆಗೆ ಒಕ್ಕಲಿಗನು ಬೇಸಿಗೆ ಮುಗಿಯಿತೆಂದು ಹೇಳುವುದಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಶಾಲೆಗಳು ಮೇ 29ರಂದು, ರೋಹಿಣಿಯ ನಡುವೆಯೇ ತೆರೆಯುತ್ತ ಬಂದಿವೆ. 2022ರಲ್ಲಿಯಂತೂ ಆ ಶೈಕ್ಷಣಿಕ ವರ್ಷವನ್ನು ಕಲಿಕಾ ಚೇತರಿಕೆಯ ವರ್ಷವೆಂದು ಸಾರಿ, ಮೇ 16ರಂದೇ, ಕೃತ್ತಿಕೆಯ ಉರಿಬಿಸಿಲಿನಲ್ಲಿ ಮಕ್ಕಳನ್ನು ಕರೆಯಲಾಯಿತು. ಮಡಿಕೇರಿಯ ಮಗುವಿಗೂ ಮಾನ್ವಿಯ ಮಗುವಿಗೂ ಅಂದು ಬಂದ ಕರೆ ಒಂದೇ. ಅವರು ನಡೆದ ದಾರಿಗಳು ಮಾತ್ರ ಒಂದೇ ಆಗಿರಲಿಲ್ಲ.

ಇದು ಸರಿಯೇ? ನಮ್ಮ ಶಾಸ್ತ್ರಪದ್ಧತಿಯಲ್ಲಿ ಒಂದು ಒಳ್ಳೆಯ ಕ್ರಮವಿದೆ. ತನ್ನ ಮತವನ್ನು ಹೇಳುವ ಮುನ್ನ ಎದುರಾಳಿಯ ಮತವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು. ಅದೇ ಪೂರ್ವಪಕ್ಷ. ಇಲ್ಲಿ ಎರಡು ಪಕ್ಷಗಳಿವೆ, ಎರಡಕ್ಕೂ ಬಲವಿದೆ.

ಮೊದಲನೆಯ ಪಕ್ಷವು ಮಳೆ ಬರುವವರೆಗೆ ಶಾಲೆಯನ್ನು ತೆರೆಯಬಾರದೆನ್ನುತ್ತದೆ. ಅದರ ವಾದ ಹೀಗಿದೆ. ಗಾಳಿಯ ಉಷ್ಣತೆಯು ನಮ್ಮ ಚರ್ಮದ ಉಷ್ಣತೆಯನ್ನು, ಅಂದರೆ ಸುಮಾರು 35 ಡಿಗ್ರಿಯನ್ನು, ಮೀರಿದಾಗ ದೇಹವು ಗಾಳಿಗೆ ತನ್ನ ಕಾವನ್ನು ಬಿಟ್ಟುಕೊಡಲಾರದು. ತಾನೇ ಗಾಳಿಯಿಂದ ಕಾವನ್ನು ಪಡೆಯತೊಡಗುತ್ತದೆ. ಆಗ ಬೆವರೊಂದೇ ಅದಕ್ಕೆ ಆಸರೆ. ಬೆವರಿಗೆ ನೀರು ಬೇಕು. ಮಕ್ಕಳ ದೇಹವು ತನ್ನ ತೂಕಕ್ಕೆ ಹೋಲಿಸಿದರೆ ಹೊರಗಿನ ಬಿಸಿಗೆ ಹೆಚ್ಚು ತೆರೆದುಕೊಂಡಿರುತ್ತದೆ. ದೊಡ್ಡವನು ಬಾಯಾರಿದಾಗ ಎದ್ದು ಹೋಗಿ ಕುಡಿಯುತ್ತಾನೆ. ತರಗತಿಯಲ್ಲಿ ಕುಳಿತ ಮಗು ಗುರುಗಳ ಅಪ್ಪಣೆಗಾಗಿ ಕಾಯುತ್ತದೆ. ಇಂತಹ ಬಿಸಿಯಲ್ಲಿ ಕಲಿಕೆಯೂ ಕುಂದುತ್ತದೆ. ಅಮೆರಿಕೆಯ ಲಕ್ಷಾಂತರ ಪ್ರೌಢಶಾಲಾ ವಿದ್ಯಾರ್ಥಿಗಳ ಪರೀಕ್ಷಾಫಲಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಶಾಲೆಯ ದಿನಗಳು ಹೆಚ್ಚು ಬಿಸಿಯಾಗಿದ್ದ ವರ್ಷಗಳಲ್ಲಿ ಮಕ್ಕಳ ಕಲಿಕೆ ಕಡಿಮೆಯಾಗಿತ್ತೆಂದೂ, ಬಡ ಮಕ್ಕಳಿಗೆ ನಷ್ಟ ಹೆಚ್ಚೆಂದೂ, ಕೋಣೆಯನ್ನು ತಂಪುಮಾಡಿದ ಶಾಲೆಗಳಲ್ಲಿ ಆ ನಷ್ಟ ಬಹುಮಟ್ಟಿಗೆ ತಪ್ಪಿತೆಂದೂ ತೋರಿಸಿದೆ.

ಈ ಪಕ್ಷದವರು ಇನ್ನೊಂದು ಮಾತನ್ನೂ ಮುಂದಿಡುತ್ತಾರೆ. ರಾಯಚೂರಿನಿಂದ ಉತ್ತರಕ್ಕೆ ಹೊರಟು ಕೃಷ್ಣೆಯ ಸೇತುವೆಯನ್ನು ದಾಟಿದರೆ ತೆಲಂಗಾಣ. ಆ ದಂಡೆಯ ಗಡಿಯ ಹಳ್ಳಿಗಳಲ್ಲಿಯೂ ಕನ್ನಡ ಮಾತನಾಡುವ ಮನೆಗಳಿವೆ. ಅಲ್ಲಿ 2023, 2024, 2025 ಈ ಮೂರು ವರ್ಷಗಳಲ್ಲಿಯೂ ಶಾಲೆಗಳು ತೆರೆದದ್ದು ಜೂನ್ 12ರಂದು. ತಮಿಳುನಾಡಿನಲ್ಲಿ 2023ರಲ್ಲಿ ಜೂನ್ ಮೊದಲ ವಾರಕ್ಕೆ ಗೊತ್ತುಮಾಡಿದ್ದ ಆರಂಭವನ್ನು ಬಿಸಿಲಿನ ಕಾರಣದಿಂದಲೇ ಎರಡನೆಯ ವಾರದವರೆಗೆ ಮುಂದೂಡಿದರು. ಸೂರ್ಯ ಒಬ್ಬನೇ, ನದಿ ಒಂದೇ. ಈ ದಂಡೆಯ ಮಗು ಆ ದಂಡೆಯ ಮಗುವಿಗಿಂತ ಎರಡು ವಾರ ಮೊದಲೇ ಬಿಸಿಲಿಗೆ ಬೀಳಬೇಕೇಕೆ? ಇಷ್ಟಲ್ಲದೆ, ಕಲಬುರಗಿ ವಿಭಾಗದ ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವ್ಯವಸ್ಥೆಯನ್ನು ಅನೇಕ ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕುಳಿತ ವಯಸ್ಕನಿಗೆ ಮೇ ತಿಂಗಳ ಮಧ್ಯಾಹ್ನ ಕಷ್ಟವೆಂಬುದನ್ನು ಒಪ್ಪಿಕೊಂಡ ಮೇಲೆ, ನೆಲದ ಮೇಲೆ ಕುಳಿತ ಏಳು ವರ್ಷದ ಮಗುವಿಗೆ ಅದು ಕಷ್ಟವಲ್ಲವೆಂದು ಹೇಳುವುದು ಹೇಗೆ?

ಇನ್ನು ಎರಡನೆಯ ಪಕ್ಷ. ಅದು ಶಾಲೆಯನ್ನು ಬೇಗ ತೆರೆಯಬೇಕೆನ್ನುತ್ತದೆ. ಅದರ ಬಾಯಲ್ಲಿಯೂ ಕರುಣೆಯ ಮಾತೇ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36 ಪ್ರತಿಶತವಿದ್ದರೆ ರಾಯಚೂರು ಜಿಲ್ಲೆಯದು 59.56. ಪ್ರಾದೇಶಿಕ ಅಸಮತೋಲನವನ್ನು ಕುರಿತು 2002ರಲ್ಲಿ ವರದಿಯಿತ್ತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿತು. ಸೋಂಕಿನ ಕಾಲದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಕಿರಿಯ ಪ್ರಾಥಮಿಕ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಮಿಗಿಲಾದ ಆ ಅವಧಿಯಲ್ಲಿ ಮನೆಯಲ್ಲಿ ಓದಿದವರು ಯಾರೂ ಇಲ್ಲದ ಮಗು ಕಲಿತದ್ದನ್ನು ಮರೆಯಿತು. ಅಂತಹ ಮಗುವಿಗೆ ಹದಿನೈದು ದಿನ ಹೆಚ್ಚಿಗೆ ಕಲಿಸೋಣವೆಂಬ ಯೋಚನೆಯನ್ನು ಕ್ರೌರ್ಯವೆನ್ನಲಾಗದು.

ಈ ಪಕ್ಷದ ಇನ್ನೂ ಬಲವಾದ ಮಾತು ಮುಂದಿದೆ. ಶಾಲೆಗೆ ರಜೆ ಕೊಟ್ಟರೆ ಮಗು ನೆರಳಿನಲ್ಲಿರುತ್ತದೆಂದು ಹೇಳಿದವರಾರು? ಪೇಟೆಯ ಅನುಕೂಲಸ್ಥರ ಮನೆಯ ಮಗುವಿಗೆ ರಜೆಯೆಂದರೆ ಅಜ್ಜಿಯ ಮನೆ, ಮಾವಿನ ಹಣ್ಣು, ಮಧ್ಯಾಹ್ನದ ನಿದ್ದೆ. ದೇವದುರ್ಗದ ದೊಡ್ಡಿಗಳಲ್ಲಿ, ತಾಂಡಾಗಳಲ್ಲಿ ಬೆಳೆಯುವ ಅನೇಕ ಮಕ್ಕಳಿಗೆ ರಜೆಯೆಂದರೆ ಕುರಿಯ ಹಿಂದೆ ತಿರುಗುವುದು, ದೂರದಿಂದ ಕೊಡ ಹೊರುವುದು, ತಂದೆತಾಯಿಗಳೊಡನೆ ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಗುಳೆ ಹೋಗಿ ಕಟ್ಟಡದ ಮರಳಿನ ರಾಶಿಯ ಬಳಿ ತಮ್ಮತಂಗಿಯರನ್ನು ಕಾಯುವುದು. ಮಠಕ್ಕೆ ಬರುವ ತಾಯಂದಿರು "ಅಪ್ಪಾರ, ಸಾಲಿ ಇದ್ರ ಹುಡುಗ ಒಂದ್ ಹೊತ್ತರ ಹೊಟ್ಟಿತುಂಬ ಉಣ್ತಾನ್ರೀ" ಎನ್ನುವುದುಂಟು. ಈ ಮಾತಿನಲ್ಲಿ ಒಂದು ಜಿಲ್ಲೆಯ ಅರ್ಥಶಾಸ್ತ್ರವೇ ಅಡಗಿದೆ. ರಜೆಯಲ್ಲಿ ಬಿಸಿಯೂಟವಿಲ್ಲ. ಅಲ್ಲದೆ ಬೇಸಿಗೆ ಮದುವೆಗಳ ಕಾಲ. ಶಾಲೆಯ ಹಾಜರಿ ಪುಸ್ತಕದಿಂದ ಕಣ್ಮರೆಯಾದ ಹದಿನಾಲ್ಕು ಹದಿನೈದು ವರ್ಷದ ಹುಡುಗಿಯನ್ನು ಯಾರಾದರೂ ವಿಚಾರಿಸುವ ಮೊದಲೇ ಅವಳ ಕೊರಳಿಗೆ ತಾಳಿ ಬಿದ್ದಿರುವ ಉದಾಹರಣೆಗಳು ನಮ್ಮ ಸೀಮೆಯಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳಲು ನಮ್ಮಲ್ಲಿ ಯಾರಿಗೂ ಸಾಧ್ಯವಿಲ್ಲ. ಅಂತಹ ಹುಡುಗಿಗೆ ಶಾಲೆಯ ತೆರೆದ ಬಾಗಿಲೇ ಒಂದು ರಕ್ಷೆ.

ವಾಚಕರೇ, ಎರಡು ಪಕ್ಷಗಳನ್ನೂ ಕೇಳಿದಿರಿ. ಯಾವುದನ್ನು ಒಪ್ಪುವಿರಿ? ಮೊದಲನೆಯದನ್ನು ಕೇಳಿದಾಗ ಅದೇ ಸರಿಯೆನಿಸುತ್ತದೆ. ಎರಡನೆಯದನ್ನು ಕೇಳಿದಾಗ ಮನಸ್ಸು ಅತ್ತ ವಾಲುತ್ತದೆ. ಎರಡು ಸತ್ಯಗಳು ಹೀಗೆ ಎದುರುಬದುರು ನಿಂತಾಗ ನಾವು ಕೇಳಿದ ಪ್ರಶ್ನೆಯಲ್ಲಿಯೇ ಏನೋ ಕೊರತೆಯಿದೆಯೆಂದು ತಿಳಿಯಬೇಕು. "ಯಾವ ತಾರೀಖು?" ಎಂದು ಕೇಳುತ್ತ ನಾವು ಅದಕ್ಕಿಂತ ಹಿಂದಿನ ಒಂದು ಪ್ರಶ್ನೆಯನ್ನು ಮರೆತಿದ್ದೇವೆ. ಮಗುವನ್ನು ಕರೆಯುವವರು ಅದಕ್ಕೆ ಏನನ್ನು ಸಲ್ಲಿಸಲು ಬದ್ಧರು ಎಂಬುದೇ ಆ ಪ್ರಶ್ನೆ.

ನಮ್ಮ ಹಿರಿಯರು ಬೇಸಿಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆಗಳನ್ನು ಇಡುತ್ತಿದ್ದರು. ಇಂದಿಗೂ ಕೆಲವೆಡೆ ಇಡುತ್ತಾರೆ. ಹೊಸ ಹರವಿಯಲ್ಲಿ ನೀರು ತುಂಬಿ, ಮೇಲೆ ಒದ್ದೆಯ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ತಂಬಿಗೆ ಇಟ್ಟರೆ ಮುಗಿಯಿತು. ಅಲ್ಲಿ ನೀರು ಕುಡಿಯುವವನು ಯಾರು? ದಾರಿಹೋಕ. ಅವನನ್ನು ನಾವು ಕರೆದಿಲ್ಲ. ಅವನು ತನ್ನ ಕೆಲಸಕ್ಕೆ ತಾನು ಹೊರಟವನು. ಆದರೂ ನಮ್ಮ ಊರಿನ ಸೀಮೆಯಲ್ಲಿ ಅವನು ಬಾಯಾರಿ ಬಳಲಬಾರದೆಂಬುದು ಧರ್ಮ. ಕರೆಯದೆ ಬಂದವನಿಗೇ ಇಷ್ಟು ಸಲ್ಲಬೇಕಾದರೆ, ನಾವಾಗಿಯೇ ಕರೆದವನಿಗೆ ಎಷ್ಟು ಸಲ್ಲಬೇಕು? ಮದುವೆಯ ಕರೆಯೋಲೆ ಕಳುಹಿಸಿ, ಬಂದ ಬೀಗರನ್ನು ಬಿಸಿಲಿನಲ್ಲಿ ನಿಲ್ಲಿಸಿ, ನೀರು ಕೇಳಿದಾಗ ಬತ್ತಿದ ನಲ್ಲಿಯನ್ನು ತೋರಿಸುವ ಯಜಮಾನನನ್ನು ನಾವು ಏನೆಂದು ಕರೆಯುತ್ತೇವೆ? ಕರೆದವನು ಕರೆದ ಕ್ಷಣದಿಂದ ಆತಿಥೇಯನಾಗುತ್ತಾನೆ. ಅತಿಥಿಯ ಋಣ ಅವನ ಮೇಲೆ ಕೂಡುತ್ತದೆ.

ಶಾಲೆಗೆ ಬರುವ ಮಗುವಂತೂ ಇಷ್ಟವಿದ್ದರೆ ಬರಬಹುದಾದ ಅತಿಥಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಯೂ, ಅವರನ್ನು ಶಾಲೆಗೆ ಸೇರಿಸುವುದನ್ನು ಪಾಲಕರ ಕರ್ತವ್ಯವಾಗಿಯೂ ಮಾಡಿದೆ. ತಾರೀಖನ್ನು ಗೊತ್ತುಮಾಡುವಾಗ ಮಗುವನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವ ವಯಸ್ಸು ಅದರದಲ್ಲ. ಯಾರ ಮಾತಿಗೆ ನಿರ್ಣಯದಲ್ಲಿ ಸ್ಥಾನವಿಲ್ಲವೋ ಅವರ ಬಗೆಗೆ ನಿರ್ಣಯಿಸುವವರ ಹೊಣೆ ಇಮ್ಮಡಿಯಾಗುತ್ತದೆ. ಇದರಿಂದ ಹೊರಡುವ ಸಿದ್ಧಾಂತವನ್ನು ಹೀಗೆ ಹೇಳಬಹುದು. ನೀರು, ನೆರಳು, ಅನ್ನ ಈ ಮೂರನ್ನೂ ಸಿದ್ಧಪಡಿಸಿ ಕರೆದರೆ ಬೇಸಿಗೆಯಲ್ಲಿ ಕರೆದರೂ ಅಧರ್ಮವಲ್ಲ. ಸಿದ್ಧಪಡಿಸದೆ ಕರೆದರೆ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಅದು ಅಧರ್ಮ.

ಈ ಸಿದ್ಧಾಂತಕ್ಕೆ ಎರಡನೆಯ ಮುಖವೂ ಇದೆ. ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬಾಗಿಲು ಮುಚ್ಚಿದ ಮಾತ್ರಕ್ಕೆ ಋಣ ತೀರುವುದಿಲ್ಲ. ಬಿಸಿಲಿದೆಯೆಂದು ಶಾಲೆಯನ್ನು ಮುಂದೂಡಿ, ಮಗು ಆ ಹದಿನೈದು ದಿನ ಎಲ್ಲಿತ್ತು, ಏನುಂಡಿತು ಎಂಬುದನ್ನು ವಿಚಾರಿಸದಿದ್ದರೆ ನಮ್ಮ ಕರುಣೆ ಸುತ್ತೋಲೆಯ ಮೇಲೆಯೇ ಉಳಿಯಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, 2024ರ ಬೇಸಿಗೆ ರಜೆಯಲ್ಲಿಯೂ ಆ ತಾಲ್ಲೂಕುಗಳ ಮಕ್ಕಳಿಗೆ ಶಾಲೆಯಲ್ಲಿ ಬಿಸಿಯೂಟ ನೀಡುವ ಏರ್ಪಾಡನ್ನು ಸರ್ಕಾರ ಮಾಡಿತು. ಪಾಠಕ್ಕೆ ರಜೆಯುಂಟು, ಹಸಿವಿಗೆ ರಜೆಯಿಲ್ಲ ಎಂಬುದನ್ನು ಒಪ್ಪಿಕೊಂಡ ಕ್ರಮ ಅದು. ಅಂತಹ ಕ್ರಮಕ್ಕೆ ಬರಗಾಲವೇ ಬರಬೇಕೆಂದಿಲ್ಲ. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮಳೆ ಬಂದ ವರ್ಷವೂ ಬೇಸಿಗೆಯೆಂದರೆ ಬರವೇ.

ಇಲ್ಲಿ ಒಂದು ಹೆಸರನ್ನು ನೆನೆಯದೆ ಮುಂದೆ ಹೋಗಲಾಗದು. ಬಿಸಿಯೂಟದ ಯೋಜನೆ ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಆರಂಭವಾದದ್ದು ರಾಯಚೂರೂ ಸೇರಿದಂತೆ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಪರಿಭಾಷೆಯ ದಾಸೋಹವೆಂಬ ಮಾತನ್ನು ಸರ್ಕಾರವೊಂದು ತನ್ನ ಯೋಜನೆಗೆ ಆರಿಸಿಕೊಂಡಿತು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಈ ಮಠದ ಪಂಕ್ತಿಯಲ್ಲಿ ಕುಳಿತು ಉಂಡ ನಿಮಗೆ ವಿವರಿಸಬೇಕಾಗಿಲ್ಲ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಬಡಿಸುವವನೇ ದಾಸ. ಉಣ್ಣುವವನು ಜಂಗಮ ಸ್ವರೂಪಿ. ಹಾಗಾದರೆ ಶಾಲೆಯ ಅಂಗಳಕ್ಕೆ ಬಂದ ಮಗು ಯೋಜನೆಯ ಫಲಾನುಭವಿಯಲ್ಲ, ನಾವು ಸೇವಿಸಬೇಕಾದ ಜಂಗಮ. ಜಂಗಮನನ್ನು ಕಾದ ತಗಡಿನ ಕೆಳಗೆ ಕೂರಿಸಿ ಪಾದಪೂಜೆ ಮಾಡುವ ಭಕ್ತನುಂಟೇ?

ಸಮತೆಯನ್ನು ಕುರಿತೂ ಎರಡು ಮಾತು ಹೇಳಬೇಕು. ರಾಜ್ಯಕ್ಕೆಲ್ಲ ಒಂದೇ ತಾರೀಖು ಇರುವುದೇ ಸಮಾನತೆಯೆಂದು ಕೆಲವರು ತಿಳಿಯುತ್ತಾರೆ. ಒಂದೇ ಅಳತೆಯ ಅಂಗಿಯನ್ನು ಮನೆಯ ಮಕ್ಕಳಿಗೆಲ್ಲ ಹೊಲಿಸಿದ ತಂದೆ ಸಮದರ್ಶಿಯಲ್ಲ; ಅವನು ಮಕ್ಕಳನ್ನು ಕಣ್ಣೆತ್ತಿ ನೋಡದವನು. ಪ್ರತಿಯೊಬ್ಬನಿಗೂ ಅವನ ಮೈಗೆ ಒಪ್ಪುವ ಅಂಗಿಯನ್ನು ಕೊಡುವುದು ಸಮತೆ. ಆದರೆ ಇಲ್ಲಿ ಎಚ್ಚರವಿರಬೇಕು. ನಮ್ಮ ಭಾಗಕ್ಕೆ ಬೇರೆ ವೇಳಾಪಟ್ಟಿ ಬೇಕೆಂದು ಕೇಳುವಾಗ ಕಡಿಮೆ ಪಾಠವನ್ನು ಕೇಳಿದಂತೆ ಆಗಬಾರದು. ಬೇರೆಯೆಂಬುದು ಕಡಿಮೆಯಾದರೆ ಹಿಂದುಳಿದವನು ಇನ್ನಷ್ಟು ಹಿಂದೆ ಬೀಳುತ್ತಾನೆ. ಶಿಕ್ಷಣ ಹಕ್ಕು ಕಾಯಿದೆಯು 1ರಿಂದ 5ನೆಯ ತರಗತಿಗೆ ವರ್ಷಕ್ಕೆ 200 ಕೆಲಸದ ದಿನಗಳನ್ನೂ, 6ರಿಂದ 8ನೆಯ ತರಗತಿಗೆ 220 ದಿನಗಳನ್ನೂ ಕನಿಷ್ಠವೆಂದು ವಿಧಿಸಿದೆ. ಈ ದಿನಗಳು ಮೇ ತಿಂಗಳಿನಲ್ಲಿಯೇ ತುಂಬಬೇಕೆಂದು ಎಲ್ಲಿಯೂ ಹೇಳಿಲ್ಲ. ಬೇಸಿಗೆಯಲ್ಲಿ ಬಿಟ್ಟ ದಿನಗಳನ್ನು ಹಿತವಾದ ಚಳಿಗಾಲದಲ್ಲಿ ತುಂಬಿಕೊಳ್ಳಬಹುದು. ಸಂವಿಧಾನದ 371ಜೆ ವಿಧಿಯ ಮೂಲಕ ಈ ಪ್ರದೇಶದ ಸ್ಥಿತಿ ಬೇರೆಯೆಂಬುದನ್ನು ದೇಶವೇ ಒಪ್ಪಿಕೊಂಡಿದೆ. ಉದ್ಯೋಗ ಮತ್ತು ಪ್ರವೇಶದ ಮೀಸಲಿಗೆ ಅನ್ವಯಿಸುವ ಆ ವಿವೇಕವು ಮಗುವಿನ ನೆತ್ತಿಯ ಮೇಲಿನ ಬಿಸಿಲಿಗೂ ಅನ್ವಯಿಸಲಿ.

ಈಗ ನಿಮ್ಮಲ್ಲಿ ಹಿರಿಯರಾದವರು ಎತ್ತುವ ಒಂದು ಆಕ್ಷೇಪವಿದೆ. "ನಾವೂ ಇದೇ ಬಿಸಿಲಿನಲ್ಲಿ ಬೆಳೆದವರು. ಬರಿಗಾಲಿನಲ್ಲಿ ನಡೆದು ಕಲಿತೆವು. ಕಷ್ಟಪಟ್ಟದ್ದರಿಂದಲೇ ಮನುಷ್ಯರಾದೆವು. ಇಂದಿನ ಮಕ್ಕಳನ್ನು ಮೆತ್ತಗೆ ಮಾಡುವುದೇಕೆ?" ಎನ್ನುವಿರಿ. ಈ ಮಾತಿನಲ್ಲಿ ಅಭಿಮಾನವಿದೆ, ಅದು ಗೌರವಾರ್ಹ. ಆದರೆ ತಪಸ್ಸಿಗೂ ಯಾತನೆಗೂ ಇರುವ ಭೇದವನ್ನು ಇಲ್ಲಿ ಅರಿಯಬೇಕು. ತಾನಾಗಿ, ಅರಿತು, ಒಂದು ಉದ್ದೇಶಕ್ಕಾಗಿ ವಹಿಸಿಕೊಂಡ ಕಷ್ಟ ತಪಸ್ಸು. ಪರರ ಅಲಕ್ಷ್ಯದಿಂದ ನಮ್ಮ ಮೇಲೆ ಬಿದ್ದ ಕಷ್ಟ ಯಾತನೆ. ಯಾತನೆಯನ್ನು ಸಹಿಸಿಯೂ ಮೇಲೆ ಬಂದವನ ಧೈರ್ಯವನ್ನು ಮೆಚ್ಚಬೇಕು. ಆ ಮೆಚ್ಚುಗೆ ಯಾತನೆಗೆ ಸಲ್ಲದು. ನಿಮ್ಮೊಡನೆ ಅದೇ ಹಾದಿಯಲ್ಲಿ ನಡೆಯತೊಡಗಿ, ನಡುವೆ ಶಾಲೆ ಬಿಟ್ಟು ಕುರಿ ಕಾಯಲು ಹೋದ ಗೆಳೆಯರನ್ನೂ ನೆನೆಯಿರಿ. ದಡ ಸೇರಿದವರನ್ನಷ್ಟೇ ಎಣಿಸಿ ಹೊಳೆ ಆಳವಿಲ್ಲವೆನ್ನಬಾರದು. ಮಗುವಿಗೆ ಶ್ರಮವನ್ನು ಕಲಿಸಬೇಕಾದದ್ದು ನಿಜ. ಪಾಠವನ್ನು ಬಾಯಿಪಾಠ ಮಾಡುವ ಶ್ರಮ, ಅಂಗಳ ಗುಡಿಸುವ ಶ್ರಮ, ಲೆಕ್ಕ ಬಿಡಿಸುವ ಶ್ರಮ ಇವೆಲ್ಲ ಕಾಯಕದ ಸಂಸ್ಕಾರ. ಬಾಯಾರಿಕೆ ಕಾಯಕವಲ್ಲ.

ಹಾಗಾದರೆ ಮಾಡತಕ್ಕದ್ದೇನು? ತತ್ತ್ವವು ಅಂಗಳಕ್ಕೆ ಇಳಿಯದಿದ್ದರೆ ಅದರಿಂದ ಮಗುವಿಗೆ ಉಪಯೋಗವಿಲ್ಲ. ನಿಮ್ಮಲ್ಲಿ ಅನೇಕರು ಶಿಕ್ಷಕರಾಗಿದ್ದೀರಿ, ಅಧಿಕಾರಿಗಳಾಗಿದ್ದೀರಿ, ನಿಮ್ಮ ಊರಿನ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತಿದ್ದೀರಿ. ಆದುದರಿಂದ ಈ ಮಾತುಗಳನ್ನು ನಿಮ್ಮ ಮುಂದೆಯೇ ಇಡುತ್ತೇವೆ.

ಮೊದಲನೆಯದು ನೀರು. 2022ರ ಮೇ ಕೊನೆಯಲ್ಲಿ ಮತ್ತು ಜೂನ್ ತಿಂಗಳಿನಲ್ಲಿ ರಾಯಚೂರು ನಗರದಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ಅನೇಕರು ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ಶಾಲೆಗಳನ್ನು ಬೇಗನೆ ತೆರೆದ ವರ್ಷವೂ ಅದೇ. ಹಳ್ಳಿಗಳ ಕಡೆಗೆ ಬಂದರೆ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಒಂದೂವರೆ ತಿಂಗಳು ಮುಚ್ಚಿದ್ದ ಶಾಲೆಯ ತೊಟ್ಟಿಯಲ್ಲಿ ನಿಂತ ನೀರನ್ನು ಹಾಗೆಯೇ ಮಕ್ಕಳಿಗೆ ಕುಡಿಸುವುದು ವಿಷವಿಕ್ಕುವುದಕ್ಕೆ ಸಮಾನ. ಶಾಲೆ ತೆರೆಯುವ ಮುನ್ನ ತೊಟ್ಟಿಯನ್ನು ತೊಳೆಯಿಸುವುದಕ್ಕೆ, ಶುದ್ಧ ನೀರನ್ನು ತರಿಸುವುದಕ್ಕೆ, ನಾಲ್ಕು ಮಣ್ಣಿನ ಹರವಿಗಳನ್ನು ಇಡಿಸುವುದಕ್ಕೆ ಯಾವ ಮೇಲಿನ ಅಪ್ಪಣೆಯೂ ಬೇಕಾಗಿಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರಿನ ಗಂಟೆಯೆಂಬ ಒಳ್ಳೆಯ ಪದ್ಧತಿ ಬಂತು. ನಮ್ಮ ರಾಜ್ಯದಲ್ಲಿಯೂ ಅದೇ ವರ್ಷ ಅದನ್ನು ಅನುಸರಿಸಲು ಸೂಚನೆ ಹೊರಟಿತು. ದಿನಕ್ಕೆ ಕೆಲವು ಸಲ ಗಂಟೆ ಬಾರಿಸಿ ಮಕ್ಕಳೆಲ್ಲ ಎದ್ದು ನೀರು ಕುಡಿಯುವಂತೆ ಮಾಡುವುದಷ್ಟೇ ಅದು. ಅಪ್ಪಣೆಗಾಗಿ ಕಾಯುವ ಮಗುವಿಗೆ ಆ ಗಂಟೆಯೇ ಅಪ್ಪಣೆ. ಆದರೆ ಗಂಟೆ ಬಾರಿಸುವ ಮೊದಲು ಹರವಿಯಲ್ಲಿ ನೀರು ಇರಬೇಕು. ನೀರು ಕುಡಿದ ಹೆಣ್ಣುಮಕ್ಕಳಿಗೆ ಬಳಸಬಹುದಾದ ಶೌಚಾಲಯವೂ ಇರಬೇಕು. ಅದಿಲ್ಲದ ಕಡೆ ಹುಡುಗಿಯರು ಬೇಕೆಂದೇ ನೀರು ಕುಡಿಯದೆ ಇರುತ್ತಾರೆಂಬುದನ್ನು ಶಿಕ್ಷಕಿಯರನ್ನು ಕೇಳಿ ತಿಳಿಯಿರಿ.

ಎರಡನೆಯದು ಹೊತ್ತು. ಕಚೇರಿಗೆ ಬೆಳಗಿನ ವೇಳೆ ಸಾಧ್ಯವಾದರೆ ಶಾಲೆಗೂ ಸಾಧ್ಯ. ನೆರೆಯ ತೆಲಂಗಾಣದಲ್ಲಿ ಮಾರ್ಚ್ ಮಧ್ಯದಿಂದಲೇ ಅರ್ಧ ದಿನದ ಶಾಲೆ ನಡೆಸುತ್ತಾರೆ. ಮಳೆ ಬೀಳುವವರೆಗೆ ಬೆಳಗಿನ ತಂಪಿನಲ್ಲಿ ಪಾಠ ನಡೆಸಿ, ಊಟ ಬಡಿಸಿ, ಬಿಸಿಲೇರುವ ಮುನ್ನ ಮನೆಗೆ ಕಳುಹಿಸಿದರೆ ಮೊದಲನೆಯ ಪಕ್ಷದ ಭಯವೂ ಎರಡನೆಯ ಪಕ್ಷದ ಕಾಳಜಿಯೂ ಎರಡೂ ಮನ್ನಣೆ ಪಡೆಯುತ್ತವೆ. ಪ್ರಾರಂಭೋತ್ಸವದ ದಿನ ಮಕ್ಕಳ ಕೈಗೆ ಫಲಕ ಕೊಟ್ಟು ಊರ ತುಂಬ ಮೆರವಣಿಗೆ ಮಾಡಿಸುವ ಉತ್ಸಾಹವಿದ್ದರೆ ಅದನ್ನು ಸೂರ್ಯೋದಯದ ಹೊತ್ತಿಗೆ ಮುಗಿಸಿರಿ. ಅತಿಥಿಗಳು ತಡವಾಗಿ ಬಂದರೆ ಅತಿಥಿಗಳಿಲ್ಲದೆಯೇ ಮುಗಿಸಿರಿ.

ಮೂರನೆಯದು ನೆರಳು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದನೆಯಾಗುತ್ತಿದೆ. ಆ ಉಷ್ಣ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ದೂರದ ನಗರಗಳ ಕೋಣೆಗಳನ್ನು ತಂಪಾಗಿಸುವ ವಿದ್ಯುತ್ತು ಹುಟ್ಟುವ ಜಿಲ್ಲೆಯಲ್ಲಿ, ಮಗು ಕುಳಿತ ಕೋಣೆಯ ಫ್ಯಾನು ತಿರುಗದಿದ್ದರೆ ಅದು ಆ ಜಿಲ್ಲೆಗೆ ಶೋಭೆಯಲ್ಲ. ತಗಡಿನ ಮಾಡಿದ್ದರೆ ಅದರ ಮೇಲೆ ಸೊಪ್ಪು, ಸೋಗೆ ಹೊದಿಸಿರಿ. ತಾರಸಿಗೆ ಸುಣ್ಣ ಬಳಿಸಿರಿ. ಮಿರಗ ಕೂಡಿದ ವಾರದಲ್ಲಿ ಶಾಲೆಯ ಅಂಗಳದ ಪಡುವಣ ಬದಿಗೆ ಬೇವು, ಹೊಂಗೆ ನೆಟ್ಟು, ಮೊದಲ ಎರಡು ಬೇಸಿಗೆ ನೀರುಣಿಸುವ ಹೊಣೆಯನ್ನು ಹೆಸರು ಹೇಳಿ ಒಬ್ಬೊಬ್ಬರಿಗೆ ಒಪ್ಪಿಸಿರಿ. ನೆಟ್ಟವರ ಛಾಯಾಚಿತ್ರ ಉಳಿದು ಸಸಿ ಒಣಗಿದ ಅಂಗಳಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಾಲ್ಕನೆಯದು ಎಣಿಕೆ. ಶಾಲೆ ತೆರೆದ ಮೊದಲ ವಾರದಲ್ಲಿ ಬಂದ ಮಕ್ಕಳನ್ನು ಎಣಿಸುವುದು ಇಲಾಖೆಯ ಕ್ರಮ. ಬಾರದ ಮಕ್ಕಳನ್ನು ಹೆಸರಿಡಿದು ಎಣಿಸುವುದು ಊರಿನ ಕರ್ತವ್ಯ. ಗುಳೆಯಿಂದ ಇನ್ನೂ ಮರಳದವರು ಯಾರು, ಹೊಲಕ್ಕೆ ಹೋದವರು ಯಾರು, ಮನೆಯಲ್ಲಿ ಮದುವೆಯ ಮಾತು ನಡೆದಿರುವ ಹುಡುಗಿ ಯಾರು ಎಂಬುದು ಊರಿಗೆ ತಿಳಿಯದ ಸಂಗತಿಯಲ್ಲ. ಗೊತ್ತಿದ್ದೂ ಸುಮ್ಮನಿರುವುದನ್ನು ನಾವು ದಾಕ್ಷಿಣ್ಯವೆಂದು ಕರೆದುಕೊಳ್ಳುತ್ತೇವೆ. ಆ ದಾಕ್ಷಿಣ್ಯದ ಬೆಲೆಯನ್ನು ತೆರುವವಳು ಆ ಹುಡುಗಿ.

ಸದ್ಭಕ್ತರೇ, ಇವುಗಳಲ್ಲಿ ಯಾವುದೂ ನಮ್ಮ ಶಕ್ತಿಯನ್ನು ಮೀರಿದ್ದಲ್ಲ. ಜಾತ್ರೆಗೆ ಸಾವಿರಾರು ಜನರನ್ನು ಕರೆದು, ಒಬ್ಬರೂ ಹಸಿಯದಂತೆ, ಒಬ್ಬರೂ ಬಾಯಾರದಂತೆ ನೋಡಿಕೊಳ್ಳುವ ಶಿಸ್ತು ನಿಮಗೆ ರೂಢಿಯಾಗಿದೆ. ಕರೆಯುವ ಮೊದಲು ಕಟ್ಟಿಗೆ ಎಷ್ಟು, ನೀರು ಎಷ್ಟು, ಚಪ್ಪರ ಎಷ್ಟು ಎಂದು ಕುಳಿತು ಲೆಕ್ಕ ಹಾಕುವಿರಿ. ಅದೇ ಲೆಕ್ಕವನ್ನು ನಿಮ್ಮ ಊರಿನ ಶಾಲೆಗೂ ಹಾಕಿರಿ ಎಂಬುದಷ್ಟೇ ನಮ್ಮ ಮಾತು. ಮುಂದಿನ ವರ್ಷಗಳಲ್ಲಿ ಶಾಲೆ ಮೇ 29ಕ್ಕೆ ತೆರೆಯಲಿ, ಜೂನ್ 12ಕ್ಕೆ ತೆರೆಯಲಿ, ಅದನ್ನು ಆಳುವವರು ನಿರ್ಣಯಿಸುತ್ತಾರೆ. ನಮ್ಮ ಸೀಮೆಯ ಬಿಸಿಲನ್ನು ಅರಿತು ನಿರ್ಣಯಿಸಿರೆಂದು ಅವರನ್ನು ಕೇಳುವ ಹಕ್ಕು ನಿಮಗಿದೆ, ಕೇಳಿರಿ. ಆದರೆ ಆ ನಿರ್ಣಯ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಶಾಲೆ ತೆರೆಯುವ ಹಿಂದಿನ ಸಂಜೆ ನಿಮ್ಮ ಊರಿನ ಶಾಲೆಯ ಅಂಗಳಕ್ಕೆ ಹೋಗಿ, ತೊಟ್ಟಿಯ ಮುಚ್ಚಳ ತೆಗೆದು ನೋಡಿರಿ. ನಾಳೆ ಅಲ್ಲಿಗೆ ಮಕ್ಕಳು ಬರುತ್ತಾರೆ; ಅವರನ್ನು ಕರೆದವರು ನಾವು.